ಜತೆಗೆ ಹೋಗುವವರ ವಿಮಾನ

ಬುಗ್ಸಾನ್ ದ್ವೀಪದಲ್ಲಿ ಯಾರೂ ಒಂಟಿಯಾಗಿ ಪ್ರಯಾಣ ಮಾಡುವುದಿಲ್ಲ. ಇದು ಸರ್ಕಾರದ ಕಾನೂನಲ್ಲ, ಆದ್ದರಿಂದ ಎಲ್ಲರೂ ತಪ್ಪದೆ ಪಾಲಿಸುತ್ತಾರೆ. ದೊಡ್ಡ ದ್ವೀಪಕ್ಕೆ ಹಲ್ಲು ಕೀಳಿಸಲು ಹೋಗುವವನ ಜತೆ ಅವನ ಹೆಂಡತಿ ಹೋಗುತ್ತಾಳೆ, ಹೆಂಡತಿಯ ಜತೆ ಅವಳ ತಂಗಿ, ತಂಗಿಗೆ ಕಡಲೆಂದರೆ ಭಯವಾದ್ದರಿಂದ ಅವಳ ಜತೆ ಒಬ್ಬ ಧೈರ್ಯವಂತ. ಕೀಳುವ ಹಲ್ಲು ಮಾತ್ರ ಒಂದೇ. ನಮ್ಮ ಊರಿನ ಪೋಷಕ ಸಂತ ರಫಾಯೇಲನು ದೇವದೂತನಾಗಿದ್ದೂ ತೊಬಿಯಾಸನೆಂಬ ತರುಣನ ಜತೆ ಅಷ್ಟು ದೂರ ನಡೆದು ಹೋದವನು. ಅವರ ಹಿಂದೆ ಒಂದು ನಾಯಿಯೂ ಹೋಯಿತೆಂದು ಪವಿತ್ರ ಗ್ರಂಥದಲ್ಲಿದೆ. ದೇವದೂತನಿಗೇ ನಾಯಿಯ ಜತೆ ಬೇಕಾದ ಮೇಲೆ ನಮ್ಮಂಥವರ ಮಾತೇನು.

ನಮ್ಮ ದ್ವೀಪಕ್ಕೆ ವಿಮಾನ ಬಂದ ಸಂಗತಿಯನ್ನು ಈ ಹಿನ್ನೆಲೆಯಲ್ಲಿಯೇ ನೋಡಬೇಕು. ಸ್ವಾಗತ ಮತ್ತು ಶಿಷ್ಟಾಚಾರ ಸಮಿತಿಯ ಕಾರ್ಯದರ್ಶಿಯಾಗಿ ನಾನು ಕಂಡದ್ದನ್ನು ಕಂಡಂತೆ ಹೇಳುತ್ತೇನೆ. ಕೇಳಿದ್ದನ್ನು ಹೇಳುವಾಗ ಕೇಳಿದ್ದೆಂದೇ ಹೇಳುತ್ತೇನೆ.

ಬುಗ್ಸಾನಿನಲ್ಲಿ ಹೆರಿಗೆಗೆ ಮಾತ್ರ ಕಾನೂನು ಇದೆ. ಗರ್ಭಿಣಿಯು ಮನೆಯಲ್ಲಿ ಹೆರತಕ್ಕದ್ದಲ್ಲ. ಹೆತ್ತರೆ ತಾಯಿಗೆ ದಂಡ, ಹೆರಿಸಿದವರಿಗೆ ಅದಕ್ಕಿಂತ ಹೆಚ್ಚಿನ ದಂಡ. ಆಸ್ಪತ್ರೆಯಲ್ಲಿಯೇ ಹೆರತಕ್ಕದ್ದು, ಮತ್ತು ಆಸ್ಪತ್ರೆ ದೊಡ್ಡ ದ್ವೀಪದಲ್ಲಿದೆ. ನಮ್ಮಲ್ಲಿಯೂ ಆರೋಗ್ಯ ಕೇಂದ್ರವೊಂದಿದೆ. ಅದರ ಮುಂದೆ ಮೇಯರ್ ಕ್ರಿಸಾಂತೊ ಅವರ ನಗುಮುಖದ ಫಲಕವಿದೆ. ಒಳಗೆ ಮಂಚವಿಲ್ಲ. ಮಂಚಕ್ಕೂ ಫಲಕಕ್ಕೂ ಒಟ್ಟಿಗೇ ಮಂಜೂರಾತಿ ಸಿಕ್ಕಿತ್ತು, ಆದರೆ ಫಲಕ ಸ್ವಲ್ಪ ದೊಡ್ಡದಾಯಿತು.

ಈ ಕಾನೂನಿನಿಂದ ಕೆಲಸ ಕಳೆದುಕೊಂಡವಳು ಸೂಲಗಿತ್ತಿ ಇಸ್ಕಾ. ಅಜ್ಜಿಯರನ್ನು ಕರೆಯುವಂತೆ ಊರೆಲ್ಲ ಅವಳನ್ನು ಲೋಲಾ ಇಸ್ಕಾ ಎನ್ನುತ್ತದೆ. ನಾನೂ ಅವಳ ಕೈಯಲ್ಲಿಯೇ ಹುಟ್ಟಿದ್ದು ಎಂಬುದನ್ನು ಅವಳು ನಾಲ್ಕು ಜನರ ಮುಂದೆ, ಅಗತ್ಯವಿಲ್ಲದಿದ್ದಾಗ, ನೆನಪಿಸುವುದುಂಟು. ಈಗ ದಡದಲ್ಲಿ ಕುಳಿತು ಸಕ್ಕರೆಯಲ್ಲಿ ಹೊರಳಿಸಿ ಕರಿದ ಬಾಳೆಹಣ್ಣು ಮಾರುತ್ತಾಳೆ. ಚುಟ್ಟಾದ ಉರಿಯುವ ತುದಿಯನ್ನು ಬಾಯೊಳಗಿಟ್ಟುಕೊಂಡು ಸೇದುತ್ತಾಳೆ. ಹಾಗೆ ಮಾಡಿದರೆ ಕಡಲ ಗಾಳಿಗೆ ಆರುವುದಿಲ್ಲವಂತೆ. ಈ ಅಭ್ಯಾಸದ ಬಗ್ಗೆ ನಮ್ಮ ಸಮಿತಿ ಅವಳಿಗೆ ಹಲವು ಸಲ ತಿಳಿಹೇಳಿದೆ.

ಕೆಲವು ವರ್ಷಗಳ ಹಿಂದೆ, ಮಳೆಗಾಲದಲ್ಲಿ, ಮೀನುಗಾರ ಬೊಯೆತ್‌ನ ಹೆಂಡತಿ ಮೆರ್ಲಿಂದಾ ಚೊಚ್ಚಲ ಹೆರಿಗೆಗೆ ದೊಡ್ಡ ದ್ವೀಪಕ್ಕೆ ಹೊರಟಳು. ಮೋಟಾರು ದೋಣಿಯಲ್ಲಿ ಅವಳ ಗಂಡ, ಅತ್ತೆ, ಅತ್ತೆಯ ಅಕ್ಕ, ಅಕ್ಕನ ಜತೆಗೆ ಒಬ್ಬ ನೆರೆಯವಳು, ಜಪಮಾಲೆ ಹೇಳಿಸಲು ಇಬ್ಬರು, ಡಾಕ್ಟರಿಗೆ ಕೊಡಲು ಒಂದು ಬುಟ್ಟಿ ಏಡಿ. ದೋಣಿ ನೀರಿಗೆ ತೀರ ತಗ್ಗಿ ಕೂತಿತ್ತು, ಬೇಗ ಸಾಗಲಿಲ್ಲ. ನಡುಗಡಲಿನಲ್ಲಿಯೇ ಹೆರಿಗೆಯಾಯಿತು. ಮಗು ಅಳಲಿಲ್ಲ.

ವಿಚಾರಣೆ ನಡೆಯಿತು. ದೋಣಿಯಲ್ಲಿ ಜನ ಹೆಚ್ಚಾಗಿದ್ದರೆಂದು ಯಾರೂ ಹೇಳಲಿಲ್ಲ, ಅಲೆ ಹೆಚ್ಚಾಗಿತ್ತು ಎಂದರು. ತಪ್ಪು ಸಮುದ್ರದ್ದೆಂದು ತೀರ್ಮಾನವಾಯಿತು. ಸಮುದ್ರದ ಪರವಾಗಿ ಯಾರೂ ಹಾಜರಾಗಲಿಲ್ಲ.

ಮಗುವನ್ನು ಮಣ್ಣು ಮಾಡಿದ ದಿನ ಮೇಯರ್ ಕ್ರಿಸಾಂತೊ ಸಮಾಧಿಯ ಪಕ್ಕದಲ್ಲಿ ನಿಂತು, "ಇನ್ನು ಮುಂದೆ ಬುಗ್ಸಾನಿನ ಯಾವ ತಾಯಿಯೂ ಸಮುದ್ರವನ್ನು ನಂಬಬೇಕಾಗಿಲ್ಲ" ಎಂದು ಘೋಷಿಸಿದರು. ಹಾಗೆಂದವರೇ ಮರುವಾರ ಇನ್ನೊಂದು ದ್ವೀಪರಾಷ್ಟ್ರಕ್ಕೆ ಅಧ್ಯಯನ ಪ್ರವಾಸ ಹೊರಟರು. ಅವರ ಜತೆಗೆ ಅವರ ಪತ್ನಿ, ಪತ್ನಿಯ ಜತೆಗೆ ಅವರ ತಂಗಿ. ಬರುವಾಗ ಊರಿಗೆಲ್ಲ ಚಾಕೊಲೇಟು ತಂದರು, ಮತ್ತು ಒಂದು ನಿರ್ಧಾರ ತಂದರು. ನಮಗೆ ಬೇಕಾದದ್ದು ನೀರಿನ ಮೇಲೂ ನೆಲದ ಮೇಲೂ ಇಳಿಯುವ ಉಭಯಚರ ವಿಮಾನ. ದ್ವೀಪದಲ್ಲಿ ಓಡುದಾರಿಗೆ ಜಾಗವಿಲ್ಲ, ಆದರೆ ಕೊಲ್ಲಿಯಲ್ಲಿ ನೀರು ಬೇಕಾದಷ್ಟಿದೆ. ದೊಡ್ಡ ದ್ವೀಪದ ಆಸ್ಪತ್ರೆಯ ಹಿಂದೆಯೇ ಓಡುದಾರಿಯಿದೆ. ಇಲ್ಲಿ ನೀರಿನಿಂದ ಎದ್ದು ಅಲ್ಲಿ ಚಕ್ರದ ಮೇಲೆ ಇಳಿದರಾಯಿತು. ಇಷ್ಟು ಸರಳವಾದ ವಿಷಯವನ್ನು ಕಂಡುಹಿಡಿಯಲು ಮೂವರು ವಿದೇಶಕ್ಕೆ ಹೋಗಬೇಕಾಯಿತೆಂದು ಕೆಲವರು ಆಡಿಕೊಂಡರು. ಮೇಯರ್ ಒಬ್ಬರೇ ಹೋಗಬೇಕಾಗಿತ್ತೆ ಎಂದು ಕೇಳಿದಾಗ ಅವರಿಗೆ ತಮ್ಮ ತಪ್ಪು ಗೊತ್ತಾಯಿತು.

ವಿಮಾನ ಬಂತು. ಹಡಗುಗಳ ಕಚೇರಿಯವರು ಬಂದು ಇದು ದೋಣಿ ಎಂದು ಲಂಗರು ಕಟ್ಟಿಸಿದರು. ವಿಮಾನಗಳ ಕಚೇರಿಯವರು ಬಂದು ಇದು ವಿಮಾನ ಎಂದು ಲಂಗರು ಬಿಚ್ಚಿಸಿದರು. ವಿಮಾನ ಚಕ್ರ ಇಳಿಸಿ ದಡದ ಕಾಂಕ್ರೀಟು ಇಳಿಜಾರನ್ನು ಹತ್ತಿ ಬಂದಾಗ ಬಾಡಿಗೆಯ ಸೈಡ್‌ಕಾರ್ ಗಾಡಿಗಳ ಚಾಲಕರ ಸಂಘದವರು ಅಡ್ಡ ನಿಂತರು. ಬುಗ್ಸಾನಿನ ನೆಲದ ಮೇಲೆ ಬಾಡಿಗೆಗೆ ಜನರನ್ನು ಕೂರಿಸಿಕೊಳ್ಳುವ ಹಕ್ಕು ಸಂಘದ ಸದಸ್ಯರಿಗೆ ಮಾತ್ರ. ಕೊನೆಗೆ ವಿಮಾನವನ್ನು ಸಂಘದ ಸದಸ್ಯನನ್ನಾಗಿ ಸೇರಿಸಿಕೊಳ್ಳಲಾಯಿತು. ಈಗಲೂ ಸಂಘದ ವಾರ್ಷಿಕೋತ್ಸವದಂದು ಅದಕ್ಕೊಂದು ಟೀ ಶರ್ಟು ಬರುತ್ತದೆ.

ವಿಮಾನದ ಪಕ್ಕೆಯ ಮೇಲೆ ಮೆರ್ಲಿಂದಾಳ ಚಿತ್ರ ಬರೆಸಬೇಕೆಂಬುದು ಮೇಯರ್ ಅವರ ಆಸೆ. ಅವಳಲ್ಲಿದ್ದ ಒಳ್ಳೆಯ ಫೋಟೊ ಮದುವೆಯದೊಂದೇ. ಅದರಿಂದ ಬೊಯೆತ್‌ನನ್ನು ತೆಗೆದು ಆ ಜಾಗದಲ್ಲಿ ಮೇಯರ್ ಅವರನ್ನು ಕೂರಿಸಿ, ಕೆಳಗೆ 'ತಾಯಿಗಾಗಿ' ಎಂದು ಬರೆಸಿದರು.

ಮೆರ್ಲಿಂದಾ ದಡಕ್ಕೆ ಬಂದು ನೋಡಿದಳು. ಆಗ ಅವಳು ಮತ್ತೆ ಗರ್ಭಿಣಿ.

"ಚೆನ್ನಾಗಿದ್ಯಾ?" ಎಂದು ಬೊಯೆತ್ ಕೇಳಿದ.

"ನೀನೆಲ್ಲಿ?"

"ನಾನು ಬಾಲದ ಕಡೆ ಇದ್ದೆನಂತೆ. ಜಾಗ ಸಾಲಲಿಲ್ವಂತೆ."

ಅವಳು ಮತ್ತೆ ಚಿತ್ರ ನೋಡಲಿಲ್ಲ, ಬಾಗಿಲು ನೋಡಿದಳು. "ಇದು ನಿಜವಾಗ್ಲೂ ನನ್ನ ಕರ್ಕೊಂಡು ಹೋಗುತ್ತಾ?" ಎಂದು ಪೈಲಟನ್ನೇ ಕೇಳಿದಳು.

ಪೈಲಟ್ ಕ್ಯಾಪ್ಟನ್ ರೊಮೆಲ್ ರಾಜಧಾನಿಯವರು, ಮಿತಭಾಷಿ. "ಭಾರ ಜಾಸ್ತಿ ಆಗದೇ ಇದ್ರೆ ಹೋಗುತ್ತೆ, ತಂಗಿ" ಎಂದರು.

ಭಾರದ ವಿಷಯದಲ್ಲಿ ನಮ್ಮ ಸಮಿತಿ ಮಧ್ಯೆ ಪ್ರವೇಶಿಸಬೇಕಾಯಿತು. ಕ್ಯಾಪ್ಟನ್ ಎಲ್ಲರನ್ನೂ ಕೊಬ್ಬರಿ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿ ತೂಕವನ್ನು ಗಟ್ಟಿಯಾಗಿ ಓದಿಸುವ ಪದ್ಧತಿ ತರಲು ಹೊರಟಿದ್ದರು. ಸಭ್ಯ ಕುಟುಂಬದ ಮಹಿಳೆಯರನ್ನು ಕೊಬ್ಬರಿಯಂತೆ ತೂಗುವುದನ್ನು ನಾನು ಒಪ್ಪಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಕಲಿಸಿದ್ದು ಮಹಿಳೆಯ ವಯಸ್ಸು ಮತ್ತು ತೂಕ ಅವಳಿಗೂ ದೇವರಿಗೂ ಬಿಟ್ಟ ವಿಷಯವೆಂದು. ಆದ್ದರಿಂದ ಧ್ವನಿವರ್ಧಕದಲ್ಲಿ ಈ ಪ್ರಕಟಣೆ ಹೊರಟಿತು:

"ಸಾರ್ವಜನಿಕರ ಗಮನಕ್ಕೆ. ವಿಮಾನಯಾನಿಗಳು ತಮ್ಮ ತೂಕವನ್ನು ತಾವೇ ಪ್ರಾಮಾಣಿಕವಾಗಿ ತಿಳಿಸತಕ್ಕದ್ದು. ಇತ್ತೀಚಿನ ತೂಕ ಗೊತ್ತಿಲ್ಲದವರು ಮದುವೆಯ ದಿನದ ತೂಕವನ್ನು ತಿಳಿಸಬಹುದು. ಸಂತರಿಗೆ ತೂಕವಿಲ್ಲ."

ಕೊನೆಯ ವಾಕ್ಯ ಪಾದ್ರಿಗಳು ಸೇರಿಸಿದ್ದು. ಸಂತ ರಫಾಯೇಲನ ವಿಗ್ರಹ ಮೊದಲ ಹಾರಾಟದಲ್ಲಿ ಹೋಗಲೇಬೇಕೆಂದು ಅವರು ಹಟ ಹಿಡಿದಿದ್ದರು. ವಿಗ್ರಹ ಗಟ್ಟಿ ಮರದ್ದು, ಕೈಯಲ್ಲಿ ಸೀಸದ ಮೀನಿದೆ.

ನೈರುತ್ಯದ ಗಾಳಿ ಶುರುವಾದ ವಾರದಲ್ಲಿ, ಬೆಳಗಿನ ಪೂಜೆ ಮುಗಿಯುವ ಹೊತ್ತಿಗೆ, ಮೆರ್ಲಿಂದಾಳಿಗೆ ನೋವು ಕಾಣಿಸಿಕೊಂಡಿತು. ಚರ್ಚಿನ ಗಂಟೆ ಬಾರಿಸಿದರು. ಎಲ್ಲರೂ ಇಸ್ತ್ರಿ ಮಾಡಿಟ್ಟ ಬಟ್ಟೆ ತೊಟ್ಟು ದಡಕ್ಕೆ ಬಂದರು. ವ್ಯವಸ್ಥೆಯಲ್ಲಿ ಲೋಪವಿರಲಿಲ್ಲ. ಸಮಿತಿಯ ಕಸೂತಿಯ ಮೇಜುಬಟ್ಟೆಯನ್ನು ಗಂಜಿ ಹಾಕಿ ನಾನೇ ತಂದು ತಂಗುದಾಣದ ಮೇಜಿಗೆ ಹಾಸಿದ್ದೆ. ತಂಗುದಾಣವೆಂದರೆ ತೆಂಗಿನ ಗರಿಯ ಚಪ್ಪರ, ಎರಡು ಬೆಂಚು. ಎರಡು ಬೆಂಚಿಗೂ ಮೇಯರ್ ಹೆಸರಿದೆ.

ವಿಮಾನ ಹತ್ತಿದವರ ಕ್ರಮ ಹೀಗಿತ್ತು. ಮೊದಲು ಮೆರ್ಲಿಂದಾ. ಅವಳ ಜತೆಗೆ ಬೊಯೆತ್. ಬೊಯೆತ್‌ನ ಜತೆಗೆ ಅವನ ತಾಯಿ ನಾನಾಯ್ ಪಸಿಂಗ್. ವಿಮಾನ ಊರಿನದಾದ್ದರಿಂದ ಅದರ ಜತೆಗೆ ಮೇಯರ್. ಮೇಯರ್ ಜತೆಗೆ ಅವರ ಪತ್ನಿ. ಆಮೇಲೆ ಸಂತ ರಫಾಯೇಲ, ಸಂತನ ಜತೆಗೆ ಅವನ ಉಡುಗೆ ನೋಡಿಕೊಳ್ಳುವ ಹೆಂಗಸು, ಅವಳ ಜತೆಗೆ ಪಾದ್ರಿ. ಉಳಿದೊಂದು ಆಸನದಲ್ಲಿ ಡಾಕ್ಟರುಗಳಿಗೆಂದು ಇಡಿಯಾಗಿ ಕೆಂಡದ ಮೇಲೆ ಹುರಿದ ಹಂದಿ. ಅದಕ್ಕೂ ಪಟ್ಟಿ ಬಿಗಿದರು. ಎಲ್ಲರಿಗಿಂತ ನೆಟ್ಟಗೆ ಕೂತದ್ದು ಅದೇ.

ವಿಮಾನ ಗರ್ಜಿಸಿ ಕೊಲ್ಲಿಯ ಆ ತುದಿಯವರೆಗೆ ನೀರು ಸೀಳಿಕೊಂಡು ಓಡಿತು. ಏಳಲಿಲ್ಲ. ತಿರುಗಿ ಈ ತುದಿಗೆ ಓಡಿ ಬಂತು. ಏಳಲಿಲ್ಲ. ದಡದಲ್ಲಿ ನಿಂತವರು ಎರಡು ಸಲವೂ ಕರವಸ್ತ್ರ ಬೀಸಿದರು. ಮೂರನೆಯ ಸಲ ವಿಮಾನ ಇಳಿಜಾರು ಹತ್ತಿ ನಿಂತಿತು. ಕ್ಯಾಪ್ಟನ್ ಬಾಗಿಲು ತೆರೆದರು.

"ಏನಾಯ್ತು?" ಎಂದು ಮೇಯರ್ ಕೇಳಿದರು.

"ಕಾಗದದ ಪ್ರಕಾರ ನಾವೀಗ ಹಾರ್ತಾ ಇದೀವಿ, ಮೇಯರ್."

"ಹಾಗಾದ್ರೆ ಹಾರಿಸಿ."

"ನೀರು ಬಿಡ್ತಾ ಇಲ್ಲ. ಯಾರಾದ್ರೂ ಒಬ್ಬರು ಇಳೀಬೇಕು. ಒಬ್ಬರು ಸಾಕು." ಹೀಗೆನ್ನುವಾಗ ಮೇಯರ್ ಪತ್ನಿಯ ಕಡೆ ನೋಡದಿರಲು ಕ್ಯಾಪ್ಟನ್ ಪಟ್ಟ ಕಷ್ಟ ದಡದಲ್ಲಿದ್ದವರಿಗೂ ಕಾಣುತ್ತಿತ್ತು.

ಬೊಯೆತ್ ಪಟ್ಟಿ ಬಿಚ್ಚಿ ಎದ್ದ. ನಾನಾಯ್ ಪಸಿಂಗ್ ಅವನ ಅಂಗಿ ಹಿಡಿದಳು. "ನಾನೊಬ್ಬಳೇ ಹೋಗ್ಲಾ? ಇದರಲ್ಲಿ? ನಿನ್ನಪ್ಪ ಇದ್ದಿದ್ರೆ ಹೀಗೆ ಮಾಡ್ತಿದ್ರಾ?"

ಬೊಯೆತ್ ಕೂತ.

"ಹಂದೀನ ಇಳಿಸೋಣ್ವಾ?" ಎಂದರು ಕ್ಯಾಪ್ಟನ್.

"ಬರಿಗೈಲಿ ಹೋಗೋದಾ, ಕ್ಯಾಪ್ಟನ್?" ಎಂದರು ಮೇಯರ್ ಪತ್ನಿ, ತುಂಬ ಮೃದುವಾಗಿ. "ಡಾಕ್ಟರು ಏನಂದ್ಕೋತಾರೆ? ಬುಗ್ಸಾನಿನವರು ಹೆರೋಕೆ ಮಾತ್ರ ಬರ್ತಾರೆ ಅಂತಾನಾ?"

"ಸಂತ?"

ಪಾದ್ರಿಗಳು ಶಿಲುಬೆಯ ಗುರುತು ಮಾಡಿದರು. ಕ್ಯಾಪ್ಟನ್ ಆ ಪ್ರಶ್ನೆಯನ್ನು ಹಿಂತೆಗೆದುಕೊಂಡರು.

ಆಗ ಮೇಯರ್ ಬಾಗಿಲಿನಿಂದ ತಲೆ ಹೊರಹಾಕಿ, "ಶಿಷ್ಟಾಚಾರ ಸಮಿತಿ ಏನು ಹೇಳುತ್ತೆ?" ಎಂದು ನನ್ನನ್ನು ಕೇಳಿದರು. ನಾನು ವಿಷಯವನ್ನು ನಿಷ್ಪಕ್ಷಪಾತವಾಗಿ ಪರಿಶೀಲಿಸಿದೆ. ಬೊಯೆತ್ ಇಳಿದರೆ ತಾಯಿ ಒಂಟಿಯಾಗುತ್ತಾಳೆ. ತಾಯಿ ಇಳಿದರೆ ಬೊಯೆತ್ ಒಂಟಿ. ಪತ್ನಿ ಇಳಿದರೆ ಮೇಯರ್ ಒಂಟಿ, ಉಡುಗೆಯ ಹೆಂಗಸು ಇಳಿದರೆ ಸಂತ ಒಂಟಿ. ಹಂದಿ ಎಲ್ಲರ ಪರವಾಗಿ ಹೋಗುತ್ತಿದೆ. ಅಷ್ಟು ಜನರಲ್ಲಿ ಯಾರ ಜತೆಗೂ ಹೋಗದೆ ಬರಿದೆ ತನ್ನ ಕೆಲಸಕ್ಕೆ ಹೋಗುತ್ತಿದ್ದವಳು ಮೆರ್ಲಿಂದಾ ಒಬ್ಬಳೇ. ಅವಳು ಇಳಿದರೆ ಯಾರ ಜತೆಯೂ ತಪ್ಪುವುದಿಲ್ಲ.

ಹಾಗೆಂದು ಹೇಳಿದೆ. ಒಳಗೆ ಎಲ್ಲರೂ ತಲೆದೂಗಿದರು.

"ಎರಡನೇ ಸುತ್ತಿಗೆ ಇವಳನ್ನೇ ಮೊದಲು ಕರ್ಕೊಂಡು ಹೋಗೋದು," ಎಂದು ಮೇಯರ್ ಹೇಳಿದರು. "ನಾವು ಮುಂಚೆ ಹೋಗಿ ಮಂಚ ಗಿಂಚ ನೋಡಿಟ್ಟಿರ್ತೀವಿ."

ಬೊಯೆತ್ ಹೆಂಡತಿಯ ಮುಖ ನೋಡಿದ. "ಲಿಂದಾ, ಏನ್ ಹೇಳ್ತೀಯಾ?"

ಅವಳು ಆಗಲೇ ಒಂದು ಕಾಲು ಹೊರಗಿಟ್ಟಿದ್ದಳು. "ನೀನು ಅಮ್ಮನ ಕೈ ಹಿಡ್ಕೊ. ಅಲ್ಲಿ ಒಳಗೆ ಉಸಿರಾಡೋಕೆ ಜಾಗ ಇಲ್ಲ. ಹೋದ ಸಲ ದೋಣೀಲೂ ಇರ್ಲಿಲ್ಲ."

ಹೋದ ಸಲದ ಮಾತು ಬಂದದ್ದರಿಂದ ಎಲ್ಲರೂ ತಮ್ಮ ತಮ್ಮ ಪಟ್ಟಿ ಸರಿಮಾಡಿಕೊಂಡರು. ಆಮೇಲೆ ಬಾಗಿಲು ಹಾಕಿದರು.

ಈ ಸಲ ವಿಮಾನ ಕೊಲ್ಲಿಯ ನಡುವಿಗೆ ಬರುವಷ್ಟರಲ್ಲಿ ನೀರು ಬಿಟ್ಟು ಎದ್ದಿತು. ನಮ್ಮ ತಲೆಯ ಮೇಲೆ ಒಂದು ಸುತ್ತು ಬಂದಾಗ ಅದರ ಪಕ್ಕೆಯಲ್ಲಿ ಮದುಮಗಳ ಮುಸುಕು ತೊಟ್ಟು, ಮೇಯರ್ ಪಕ್ಕದಲ್ಲಿ ನಗುತ್ತಾ ಹೋಗುತ್ತಿದ್ದ ಮೆರ್ಲಿಂದಾಳನ್ನು ಕೆಳಗೆ ಬೆಂಚಿನ ಅಂಚು ಹಿಡಿದು ಕೂತಿದ್ದ ಮೆರ್ಲಿಂದಾ ನೋಡಿದಳು. "ನಾನು ಆಸ್ಪತ್ರೆ ಮುಟ್ಟಿದ ಮೇಲೆ ಯಾರಾದ್ರೂ ಹೇಳಿ ಕಳಿಸಿ," ಎಂದಳು. ಅದು ನಗೆಯೋ ನೋವೋ ತಿಳಿಯಲಿಲ್ಲ.

ಬೀಳ್ಕೊಡಲು ಬಂದವರು ಬೀಳ್ಕೊಡುವುದು ಮುಗಿಯಿತೆಂದು ಮನೆಗೆ ಹೋದರು. ತಂಗುದಾಣದಲ್ಲಿ ಉಳಿದದ್ದು ಅವಳು, ಮೇಜುಬಟ್ಟೆಯ ಜವಾಬ್ದಾರಿಯಿದ್ದ ನಾನು, ಮತ್ತು ಬಾಳೆಹಣ್ಣಿನ ಬಾಣಲೆ ಒಲೆಯಿಂದ ಇಳಿಸುತ್ತಿದ್ದ ಲೋಲಾ ಇಸ್ಕಾ.

ವಿಮಾನ ಹೊತ್ತಿಗೆ ಮರಳಲಿಲ್ಲ. ಅಲ್ಲಿ ನಡೆದದ್ದನ್ನು ನಾನು ಆಮೇಲೆ ಕೇಳಿದೆ. ಓಡುದಾರಿಯಲ್ಲಿ ಬ್ಯಾಂಡು ನಿಂತಿತ್ತು. ಭಾಷಣಗಳಿದ್ದವು. ಹೂವಿನಿಂದ ಅಲಂಕರಿಸಿದ ಮಂಚವನ್ನು ತೋರಿಸಿ ನರ್ಸು, "ಪೇಶಂಟ್ ಎಲ್ಲಿ?" ಎಂದು ಕೇಳಿದಾಗ ಒಂದು ಕ್ಷಣ ಗೊಂದಲವಾಯಿತಂತೆ. ಅಲಂಕರಿಸಿದ ಮಂಚವನ್ನು ಖಾಲಿ ಬಿಡುವುದು ಅಪಶಕುನವೆಂದು ನಾನಾಯ್ ಪಸಿಂಗ್ ಅದರ ಮೇಲೆ ಮಲಗಿದಳು. ಅವಳ ರಕ್ತದೊತ್ತಡ ನೋಡಿದರು. ಮೇಯರ್ ಅವಳ ಜತೆ ಫೋಟೊ ತೆಗೆಸಿಕೊಂಡರು. ಬೊಯೆತ್ ಮಾತ್ರ ಓಡುದಾರಿಯ ಅಂಚಿಗೆ ಹೋಗಿ ಕಡಲಿನ ಕಡೆ ನೋಡುತ್ತ ನಿಂತಿದ್ದನೆಂದೂ, ಕ್ಯಾಪ್ಟನ್ ಬಂದು, "ಮೇಯರ್ ಊಟ ಮುಗಿದ ಕೂಡಲೇ ಹೊರಡ್ತೀನಪ್ಪಾ" ಎಂದರೆಂದೂ ಕೇಳಿದೆ. ಹಂದಿ ಬಹಳ ಚೆನ್ನಾಗಿತ್ತಂತೆ.

ಇತ್ತ ತಂಗುದಾಣದಲ್ಲಿ ಲೋಲಾ ಇಸ್ಕಾ ಕೈ ತೊಳೆದುಕೊಂಡು ಬಂದಳು.

"ನಿಯಮ ಗೊತ್ತಿದೆಯಲ್ಲ?" ಎಂದು ನಾನು ಎಚ್ಚರಿಸಿದೆ.

"ಮನೇಲಿ ಹೆರಬಾರದು ಅಂತ ತಾನೇ ನಿಯಮ, ಮೇಡಂ? ಇದು ಯಾರ ಮನೆ?"

ಅವಳು ಬಾಯಿಂದ ಚುಟ್ಟಾ ತೆಗೆದು ನನ್ನ ಕೈಗೆ ಕೊಟ್ಟಳು. ಬೇರೆ ಇಡಲು ಜಾಗವಿರಲಿಲ್ಲವಾದ್ದರಿಂದ ಹಿಡಿದುಕೊಂಡೆ.

"ಆ ಮೇಜುಬಟ್ಟೆ ಕೊಡಿ."

"ಅದು ಸ್ವಾಗತ ಸಮಿತಿಯದು."

"ಬರ್ತಾ ಇರೋದು ಮಗು. ಸ್ವಾಗತ ಮಾಡೋದಿಲ್ವಾ?"

ಮೆರ್ಲಿಂದಾ ನನ್ನ ತೋಳು ಹಿಡಿದಳು. ಬೆರಳಿನ ಗುರುತು ನಾಲ್ಕು ದಿನ ಇತ್ತು. "ಮೇಡಂ," ಎಂದಳು, "ಈ ಸಲ ಅಳುತ್ತಾ?"

ನಾನು ಮೇಜುಬಟ್ಟೆ ಎಳೆದುಕೊಟ್ಟೆ.

ಗದ್ದಲವಿರಲಿಲ್ಲ. ಜಪಮಾಲೆ ಹೇಳಿಸುವವರಿರಲಿಲ್ಲ. ಹೀಗೆ ಕೂರು ಹಾಗೆ ಮಲಗು ಎನ್ನುವ ಅತ್ತೆಯಿರಲಿಲ್ಲ. ಲೋಲಾ ಇಸ್ಕಾ ಬೈಗುಳದಲ್ಲಿಯೇ ಅವಳನ್ನು ಸಮಾಧಾನ ಮಾಡುತ್ತಿದ್ದಳು. ಆ ಬೈಗುಳವನ್ನು ಇಲ್ಲಿ ಬರೆಯಲು ಬರುವುದಿಲ್ಲ. ಅಲೆ ಬಂದು ಇಳಿಜಾರಿಗೆ ತಾಗಿ ಹೋಗುತ್ತಿತ್ತು. ಚುಟ್ಟಾ ಇನ್ನೂ ನನ್ನ ಕೈಯಲ್ಲಿಯೇ ಇದ್ದಾಗ ಮಗು ಹೊರಬಂತು.

ಅತ್ತಿತು. ಕಾನ್ವೆಂಟಿನಲ್ಲಿ ಕಲಿತವರು ಮೆಚ್ಚುವಂಥ ಸ್ವರವಲ್ಲ. ಕೊಲ್ಲಿಯ ಆಚೆ ಬಲೆ ಒಣಗಿಸುತ್ತಿದ್ದವರು ತಿರುಗಿ ನೋಡಿದರು.

ವಿಮಾನ ಬಂದದ್ದು ಮಧ್ಯಾಹ್ನ ಇಳಿದ ಮೇಲೆ, ಎಲ್ಲರನ್ನೂ ಕೂರಿಸಿಕೊಂಡೇ. ಒಬ್ಬರನ್ನೂ ಅಲ್ಲಿ ಬಿಟ್ಟು ಬರುವಂತಿರಲಿಲ್ಲವಲ್ಲ. ವಿಮಾನ ಇಳಿಜಾರು ಮುಟ್ಟುವ ಮೊದಲೇ ಬೊಯೆತ್ ಬಾಗಿಲು ತೆರೆದು ನೀರಿಗೆ ಹಾರಿ ಈಜಿಕೊಂಡು ಬಂದ. ಬುಗ್ಸಾನಿನವನೊಬ್ಬ ಯಾರ ಜತೆಯೂ ಇಲ್ಲದೆ ಪ್ರಯಾಣ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಒದ್ದೆ ಕೈಯಲ್ಲಿಯೇ ಮಗುವನ್ನು ಎತ್ತಿಕೊಂಡ. ಅವನ ಮಗಳೇ ಇಬ್ಬರ ಪರವಾಗಿಯೂ ಅಳುತ್ತಿದ್ದಳು.

ನಾನಾಯ್ ಪಸಿಂಗ್ ಆಮೇಲೆ ಬಂದಳು. "ನಮ್ಮನ್ನೆಲ್ಲ ಬಿಟ್ಟು ಹೆತ್ತಳಾ?"

"ಬಿಟ್ಟು ಹೋದವರು ಯಾರು, ಪಸಿಂಗ್?" ಎಂದಳು ಲೋಲಾ ಇಸ್ಕಾ. "ಕೂತ್ಕೊ. ಆಸ್ಪತ್ರೇಲಿ ಮಲಗಿ ಬಂದಿದೀಯಂತೆ, ಸುಸ್ತಾಗಿರುತ್ತೆ."

ದಂಡದ ಪ್ರಶ್ನೆ ಪುರಸಭೆಯ ಮುಂದೆ ಬಂತು. ದೀರ್ಘ ಚರ್ಚೆಯಾಯಿತು. ಹೆರಿಗೆ ಮನೆಯಲ್ಲಿ ಆಗಿಲ್ಲ, ವಿಮಾನ ನಿಲ್ದಾಣದಲ್ಲಿ ಆಗಿದೆ. ತಾಯಿ ವಿಧಿವತ್ತಾಗಿ ವಿಮಾನ ಹತ್ತಿದ್ದಾಳೆ. ಇಳಿದದ್ದು ಸಮಿತಿಯ ಅಭಿಪ್ರಾಯದಂತೆ. ಆಸ್ಪತ್ರೆಯಲ್ಲಿ ಮಂಚ ಹಾಸಿತ್ತು, ಅದರ ಮೇಲೆ ಒಬ್ಬರು ಮಲಗಿಯೂ ಇದ್ದರು, ಅವರು ಅದೇ ಕುಟುಂಬದವರೇ. ಹೀಗಾಗಿ ಕಾನೂನಿನ ಪ್ರತಿಯೊಂದು ಅಂಶವೂ ಪಾಲನೆಯಾಗಿದೆ, ಒಂದೇ ಜಾಗದಲ್ಲಿ ಆಗಿಲ್ಲ ಅಷ್ಟೆ. ಒಂದೇ ಜಾಗದಲ್ಲಿ ಆಗಬೇಕೆಂದು ಕಾನೂನು ಹೇಳಿಲ್ಲ. ದಂಡ ಬೇಡವೆಂದು ಎಲ್ಲರೂ ಕೈ ಎತ್ತಿದರು. ಮಗುವಿಗಾಗಿ ಹಾರಿದವರೆಲ್ಲರೂ ಅದರ ಜ್ಞಾನಸ್ನಾನದಲ್ಲಿ ಧರ್ಮಪಿತರೂ ಧರ್ಮಮಾತೆಯರೂ ಆದರು. ಮೇಯರ್ ತಮ್ಮ ಹೆಸರಿಡುವರೆಂದು ನಿರೀಕ್ಷಿಸಿದ್ದರು. ಮೆರ್ಲಿಂದಾ ಇಟ್ಟ ಹೆಸರು ಫ್ರಾನ್ಸಿಸ್ಕಾ, ಮೊಟಕು ಮಾಡಿದರೆ ಇಸ್ಕಾ. ಅದು ಯಾರ ಹೆಸರೆಂದು ಮೇಯರ್ ವಿಚಾರಿಸುತ್ತಿದ್ದಾಗ ಲೋಲಾ ಇಸ್ಕಾ ಬಾಳೆಹಣ್ಣು ತಿರುವಿ ಹಾಕುತ್ತಿದ್ದಳು.

ಮುಂದಿನ ತಿಂಗಳು ಸೈಡ್‌ಕಾರ್ ಚಾಲಕನೊಬ್ಬನ ಹೆಂಡತಿಗೆ ದಿನ ತುಂಬಿತು. ಅವಳು ದಡಕ್ಕೆ ಬಂದು ಕೇಳಿದ ಮೊದಲ ಪ್ರಶ್ನೆ, "ವಿಮಾನದಲ್ಲಿ ನಮ್ಮತ್ತೆಗೆ ಸೀಟು ಇದೆ ತಾನೇ?" ಇದೆ ಎಂದೆ. "ನಾದಿನಿಗೆ?" ಅದಕ್ಕೂ ಇತ್ತು. ಅವಳು ನಿಟ್ಟುಸಿರು ಬಿಟ್ಟು ಬೆಂಚಿನ ಮೇಲೆ ಕೂತಳು. ಹತ್ತುವ ಶಾಸ್ತ್ರವನ್ನೂ ಮಾಡಲಿಲ್ಲ.

ಈಗ ಅದೇ ಪದ್ಧತಿ. ಒಂದು ಆಸನ ಉಳಿದದ್ದರಿಂದ ಹಂದಿಯ ಜತೆಗೂ ಒಬ್ಬ ಸಣಕಲು ಹುಡುಗನನ್ನು ಕಳಿಸಲು ಅನುಕೂಲವಾಗಿದೆ. ಗಂಡಂದಿರ ಪೈಕಿ ಬೊಯೆತ್ ಒಬ್ಬ ಮಾತ್ರ, ಫ್ರಾನ್ಸಿಸ್ಕಾಳ ನಂತರದ ಮಗುವಿನ ಸಮಯದಲ್ಲಿ, ತನಗೆ ವಿಮಾನವೆಂದರೆ ತಲೆಸುತ್ತು ಎಂದು ಹೇಳಿ ಕೆಳಗೇ ಉಳಿದ. ಅವನ ಆಸನದಲ್ಲಿ ನಾನಾಯ್ ಪಸಿಂಗ್ ಜತೆಗೆ ಅವಳ ಅಕ್ಕ ಹೋದಳು. ಲೋಲಾ ಇಸ್ಕಾಳನ್ನು ನಿಲ್ದಾಣದ ಸಿಬ್ಬಂದಿಯಾಗಿ ನೇಮಿಸಲಾಗಿದೆ. ಅವಳಿಗೆ ನೀಲಿ ಟೋಪಿಯೂ ಎದೆಗೆ ರೆಕ್ಕೆಯ ಬಿಲ್ಲೆಯೂ ಇವೆ. ಸಮಿತಿಗೆ ಹೊಸ ಮೇಜುಬಟ್ಟೆಗಳು ಮಂಜೂರಾಗಿವೆ, ಒಗೆಯಲು ಸುಲಭವಾದವು. ಸೇವೆ ಆರಂಭವಾದಂದಿನಿಂದ ಬುಗ್ಸಾನಿನ ಒಂದು ಮಗುವೂ ಸಮುದ್ರದಲ್ಲಿ ಸತ್ತಿಲ್ಲ. ಉಭಯಚರ ವಿಮಾನದ ಈ ಸಾಧನೆಯನ್ನು ಅಧ್ಯಯನ ಮಾಡಲು ಬೇರೆ ದ್ವೀಪಗಳ ಮೇಯರ್‌ಗಳು ಪತ್ನಿಯರೊಂದಿಗೆ ಬಂದು ಹೋಗುತ್ತಿದ್ದಾರೆ. ಅವರನ್ನೂ ವಿಮಾನದಲ್ಲಿ ಕೂರಿಸಿ ಕಳಿಸುತ್ತೇವೆ.

ಗಂಟೆ ಬಾರಿಸುತ್ತದೆ. ಇಸ್ತ್ರಿಯ ಬಟ್ಟೆ ತೊಟ್ಟವರು ಓಡಿ ಬರುತ್ತಾರೆ, ಕ್ರಮ ತಪ್ಪದೆ ಹತ್ತುತ್ತಾರೆ. ವಿಮಾನ ಕೊಲ್ಲಿಯಿಂದ ಎದ್ದು, ಒಂದು ಸುತ್ತು ಬಂದು, ಸಣ್ಣದಾಗುತ್ತ ಹೋಗುತ್ತದೆ. ಬೆಂಚಿನ ಅಂಚು ಹಿಡಿದವಳು ಕಣ್ಣು ಮುಚ್ಚಿಕೊಂಡೇ ಕೇಳುತ್ತಾಳೆ.

"ಹೋದ್ರಾ?"

ಲೋಲಾ ಇಸ್ಕಾ ಟೋಪಿಯನ್ನು ಹಿಂದಕ್ಕೆ ಸರಿಸಿ ಆಕಾಶ ನೋಡುತ್ತಾಳೆ. "ಹೋದ್ರು."

"ಎಲ್ಲರೂ?"

"ಸಂತ ರಫಾಯೇಲನೂ."

ಆಮೇಲೆ ಅವಳು ಬಾಯಿಂದ ಚುಟ್ಟಾ ತೆಗೆದು ನನ್ನ ಕೈಗೆ ಕೊಡುತ್ತಾಳೆ, ನಾನು ಹಿಡಿದುಕೊಳ್ಳುತ್ತೇನೆ, ಹೆರಿಗೆ ಶುರುವಾಗುತ್ತದೆ.